ಮಗಳ ಜಿಮ್ನಾಸ್ಟಿಕ್ಸ್: ಯಾವ ಲೆವೆಲ್, ಯಾವ ಜಿಮ್? ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ

ನನ್ನ ಮಗಳು ಎರಡು ವರ್ಷ ಲೆವೆಲ್ 4ರಲ್ಲೇ ಇದ್ದಳು. ಕಾರಣ ಕಿಪ್. ಬಾರ್ ಹಿಡಿದು ಮುಂದಕ್ಕೆ ಜೀಕಿ, ಕಾಲನ್ನು ಬಾರ್ ಹತ್ತಿರ ತಂದು, ಒಂದೇ ಬೀಸಿನಲ್ಲಿ ಮೈಯನ್ನು ಬಾರ್ ಮೇಲಕ್ಕೆ ಎತ್ತಬೇಕು. ಅದು ಬಾರದೆ ಲೆವೆಲ್ 4ರ ಬಾರ್ ರೊಟೀನ್, ಅಂದರೆ ಒಂದರ ಹಿಂದೊಂದು ಮಾಡುವ ವರಸೆಗಳ ಸಾಲು, ಸಾಗುವುದಿಲ್ಲ. ತಿಂಗಳುಗಟ್ಟಲೆ ಅಂಗೈ ಸುಲಿದುಕೊಂಡಳು, ಕಿಪ್ ಬರಲಿಲ್ಲ. ಆ ವರ್ಷ ಯುಗಾದಿ ಊಟದ ಸಾಲಿನಲ್ಲಿ ಪರಿಚಯದವರೊಬ್ಬರು ಕೇಳಿದರು, "ಇನ್ನೂ ನಾಲ್ಕೇನಾ?" ಅಂತ.

ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನಮ್ಮ ಕಿವಿಗೆ ಲೆವೆಲ್ ಅಂದರೆ ಸ್ಕೂಲಿನ ಕ್ಲಾಸು. ನಾಲ್ಕು ಮುಗಿದರೆ ಐದು, ಇಲ್ಲದಿದ್ದರೆ ಫೇಲು. ನಾನೂ ಹಾಗೇ ಅಂದುಕೊಂಡಿದ್ದೆ. ಆ ಲೆಕ್ಕ ಹಿಡಿದುಕೊಂಡೇ ಒಂದು ಜಿಮ್ ಬಿಟ್ಟೆವು, ಎರಡನೆಯದಕ್ಕೆ ಹೋದೆವು, ಅಲ್ಲಿ ಪೆಟ್ಟು ತಿಂದು ಮೂರನೆಯದಕ್ಕೆ ಬಂದೆವು. ನೀವು ಇಷ್ಟು ಸುತ್ತಬೇಕಾಗಿಲ್ಲ. ಮಗಳಿಗೆ ಜಿಮ್ ಹುಡುಕುತ್ತಿದ್ದರೆ, ಅಥವಾ ಟೀಮ್‌ಗೆ ಸೇರಿಸಿ ಅಂತ ಕೋಚ್ ಈಗಷ್ಟೇ ಹೇಳಿದ್ದರೆ, ಇದನ್ನು ಓದಿ ಆಮೇಲೆ ಸಹಿ ಹಾಕಿ.

ನಾನು ಬರೆಯುತ್ತಿರುವುದು ಹುಡುಗಿಯರ ಜಿಮ್ನಾಸ್ಟಿಕ್ಸ್ ಬಗ್ಗೆ. ಅದರಲ್ಲಿ 4 ಉಪಕರಣ: ಓಡಿ ಬಂದು ಹಾರುವ ವಾಲ್ಟ್, ಬಾರ್, ಕಿರಿದಾದ ತೊಲೆಯಂಥ ಬೀಮ್, ನೆಲದ ಮೇಲೆ ಆಡುವ ಫ್ಲೋರ್. ಹುಡುಗರ ಆಟದಲ್ಲಿ 6 ಉಪಕರಣ, ಲೆವೆಲ್‌ಗಳ ನಿಯಮವೂ ಬೇರೆ. ಆದರೆ ಜಿಮ್ ಆರಿಸುವ ಬಗ್ಗೆ ಇಲ್ಲಿ ಹೇಳಿದ್ದು ಅವರಿಗೂ ಹೊಂದುತ್ತದೆ.

ಹೆಜ್ಜೆ 1: ಎರಡು ದಾರಿ ಇವೆ, ಎರಡನ್ನೂ ತಿಳಿದುಕೊಳ್ಳಿ

ಬಹುಪಾಲು ಜಿಮ್‌ಗಳು ಯುಎಸ್‌ಎ ಜಿಮ್ನಾಸ್ಟಿಕ್ಸ್ ಸಂಸ್ಥೆಯ ನಿಯಮದಂತೆ ಆಡಿಸುತ್ತವೆ. ಅದರಲ್ಲಿ ಒಂದು ದಾರಿ ಡೆವಲಪ್‌ಮೆಂಟ್ ಪ್ರೋಗ್ರಾಮ್. ಮೊದಲು ಇದನ್ನು ಜೂನಿಯರ್ ಒಲಿಂಪಿಕ್ ಅನ್ನುತ್ತಿದ್ದರು, ಹಳಬರ ಬಾಯಲ್ಲಿ ಈಗಲೂ ಜೆಓ ಅಂತಲೇ ಬರುತ್ತದೆ. ಲೆವೆಲ್ 1ರಿಂದ 10ರವರೆಗೆ. 1ರಿಂದ 5 ಕಂಪಲ್ಸರಿ, ಅಂದರೆ ದೇಶದ ಎಲ್ಲ ಮಕ್ಕಳಿಗೂ ಅದೇ ರೊಟೀನ್, ಫ್ಲೋರ್‌ಗೆ ಅದೇ ಸಂಗೀತ. 6ರಿಂದ 10 ಆಪ್ಷನಲ್. ಅಲ್ಲಿ ಪ್ರತಿ ಹುಡುಗಿಗೂ ಅವಳದೇ ರೊಟೀನ್, ಅವಳದೇ ಹಾಡು.

ಇನ್ನೊಂದು ದಾರಿ ಎಕ್ಸೆಲ್. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಸಫೈರ್ ಅಂತ ಮೆಟ್ಟಿಲು. ಇಲ್ಲಿ ಮೊದಲಿಂದಲೇ ಮಗುವಿಗೆ ಹೊಂದುವ ರೊಟೀನ್ ಕಟ್ಟಬಹುದು. ಇಂತಿಂಥ ಬಗೆಯ ವರಸೆ ಇರಬೇಕು ಅನ್ನುತ್ತಾರೆ, ಯಾವುದು ಅನ್ನುವುದನ್ನು ಕೋಚ್ ಮತ್ತು ಮಗು ಆರಿಸುತ್ತಾರೆ. ಕಿಪ್ ಬಾರದ ಹುಡುಗಿಯೂ ಗೋಲ್ಡ್‌ನಲ್ಲಿ ಚೆಂದವಾಗಿ ಆಡಬಹುದು. ತಾಸು ಕಡಿಮೆ, ಖರ್ಚೂ ಕಡಿಮೆ.

ನಮ್ಮವರಲ್ಲಿ ಎಕ್ಸೆಲ್ ಅಂದರೆ ಎರಡನೇ ದರ್ಜೆ ಅನ್ನುವ ಭಾವನೆ ಇದೆ. ನಾನು ಇದನ್ನು ಒಪ್ಪುವುದಿಲ್ಲ. ಡೈಮಂಡ್‌ನ ಮೀಟ್, ಅಂದರೆ ಸ್ಪರ್ಧೆ, ಒಂದನ್ನು ಹೋಗಿ ನೋಡಿ. ಹೈಸ್ಕೂಲಿನ ಹುಡುಗಿಯರು, ಓದು, ಆರ್ಕೆಸ್ಟ್ರಾ, ಸ್ನೇಹಿತರು ಎಲ್ಲ ಇಟ್ಟುಕೊಂಡೇ ಬೀಮ್ ಮೇಲೆ ಲಾಗ ಹಾಕುತ್ತಿರುತ್ತಾರೆ. ಆ ಬೀಮ್‌ನ ಅಗಲ 10 ಸೆಂಟಿಮೀಟರ್, ಎತ್ತರ 125. ಅದರ ಮೇಲೆ ಏನು ಮಾಡಿದರೂ ಸಣ್ಣದಲ್ಲ.

ಒಂದು ದಾರಿಯಿಂದ ಇನ್ನೊಂದಕ್ಕೆ ಹೋಗುವುದೂ ಸಾಧ್ಯ. ಕೆಲವು ಜಿಮ್‌ಗಳು ಮಕ್ಕಳನ್ನು ಎಕ್ಸೆಲ್‌ನಲ್ಲಿ ಬೆಳೆಸಿ ನೇರ ಆಪ್ಷನಲ್‌ಗೆ ತರುತ್ತವೆ. "ನಿಮ್ಮಲ್ಲಿ ಹಾಗೆ ಹೋದ ಮಕ್ಕಳು ಇದ್ದಾರಾ?" ಅಂತ ಕೇಳಿ. ಉತ್ತರದಲ್ಲೇ ಆ ಜಿಮ್ ಎಕ್ಸೆಲ್ ಮಕ್ಕಳನ್ನು ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ.

ಹೆಜ್ಜೆ 2: ಜಿಮ್‌ಗಿಂತ ಮೊದಲು ಮನೆಯ ಕ್ಯಾಲೆಂಡರ್ ನೋಡಿ

ಒಂದು ಹಾಳೆ ತೆಗೆದುಕೊಂಡು ವಾರದ ತಾಸುಗಳನ್ನು ಬರೆಯಿರಿ. ನಾನು ಕಂಡ ಹಾಗೆ ಎಕ್ಸೆಲ್‌ನ ಶುರುವಿಗೆ ವಾರಕ್ಕೆ 3ರಿಂದ 5 ತಾಸು ಸಾಕು. ಲೆವೆಲ್ 4ಕ್ಕೆ 9ರಿಂದ 12. ಲೆವೆಲ್ 7ಕ್ಕೆ ಬರುವ ಹೊತ್ತಿಗೆ 16 ಆಗುತ್ತದೆ. ಲೆವೆಲ್ 9, 10ಕ್ಕೆ 20 ದಾಟುವುದು ಮಾಮೂಲು. ಇದಕ್ಕೆ ಕಾರಿನಲ್ಲಿ ಹೋಗಿಬರುವ ಹೊತ್ತು ಸೇರಿಸಿ. ಶನಿವಾರದ ಭರತನಾಟ್ಯ, ಭಾನುವಾರದ ಕನ್ನಡ ಶಾಲೆ, ಗಣಿತದ ಕ್ಲಾಸು, ಎಲ್ಲ ಬರೆಯಿರಿ. ನಿದ್ದೆಗೆ ಎಷ್ಟು ಉಳಿಯಿತು?

ಮಕ್ಕಳ ಕ್ರೀಡಾ ವೈದ್ಯರು ಹೇಳುವ ಸುಲಭದ ಲೆಕ್ಕ ಒಂದಿದೆ. ಮಗುವಿಗೆ ಎಷ್ಟು ವರ್ಷವೋ, ವಾರಕ್ಕೆ ಅದಕ್ಕಿಂತ ಜಾಸ್ತಿ ತಾಸು ಒಂದೇ ಆಟದ ತರಬೇತಿ ಬೇಡ, ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವಿರಲಿ. 8 ವರ್ಷದ ಮಗುವಿಗೆ 15 ತಾಸು ಕೇಳುವ ಜಿಮ್ ಇದ್ದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ನಮ್ಮದೇ ವಿಷಯ, ಬೇಸಿಗೆಯ ಊರಿನ ಪ್ರಯಾಣ. ಮೀಟ್‌ಗಳಿಲ್ಲದ ಆ ತಿಂಗಳುಗಳಲ್ಲೇ ಜಿಮ್‌ಗಳು ಹೊಸ ವರಸೆ ಕಲಿಸುತ್ತವೆ. ನಾವು ಅದೇ ಹೊತ್ತಿಗೆ ಆರು ವಾರ ಊರಿಗೆ ಹೋಗಿಬಿಡುತ್ತೇವೆ. ಅಜ್ಜ-ಅಜ್ಜಿಯನ್ನು ನೋಡುವುದನ್ನು ಬಿಡಿ ಅಂತ ನಾನು ಯಾರಿಗೂ ಹೇಳಲಾರೆ. ಆದರೆ ಸೇರುವ ಮೊದಲೇ ಕೋಚ್‌ಗೆ ಹೇಳಿ. ನಮ್ಮ ಎರಡನೇ ಜಿಮ್‌ನಲ್ಲಿ ಮುಖ ಸಿಂಡರಿಸಿದರು, ಬಂದ ಮೇಲೆ ಮಗುವನ್ನು ವಾರಗಟ್ಟಲೆ ಮಾತಾಡಿಸಲಿಲ್ಲ. ಈಗಿನ ಕೋಚ್ ಒಂದು ಚೀಟಿಯಲ್ಲಿ ದಿನಕ್ಕೆ 20 ನಿಮಿಷದ ಕಸರತ್ತು ಬರೆದುಕೊಟ್ಟರು. ಗೋಡೆಗೆ ಕಾಲು ಚಾಚಿ ತಲೆಕೆಳಗಾಗಿ ನಿಲ್ಲುವುದು, ಬೆನ್ನನ್ನು ನೆಲಕ್ಕೆ ಒತ್ತಿ ಕೈಕಾಲು ಎತ್ತಿ ಹಿಡಿಯುವುದು, ಅಷ್ಟೇ. ತುಮಕೂರಿನ ಮನೆಯ ತಾರಸಿಯಲ್ಲಿ ಅಜ್ಜಿ ಎಣಿಸುತ್ತಿದ್ದರು, ಇವಳು ಮಾಡುತ್ತಿದ್ದಳು.

ಅಂದಹಾಗೆ ಊರಿನ ಹಿರಿಯರಿಗೆ ಜಿಮ್ನಾಸ್ಟಿಕ್ಸ್ ಅಂದರೆ ನೆನಪಾಗುವುದು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ಹಾಕಿದ ಪ್ರೊಡುನೋವಾ ಅನ್ನುವ ಅಪಾಯದ ವಾಲ್ಟ್. ಮೊಮ್ಮಗಳೂ ಅದನ್ನೇ ಮಾಡುತ್ತಾಳೇನೋ ಅಂತ ಅವರಿಗೆ ಭಯ. ಮಕ್ಕಳ ಲೆವೆಲ್‌ನಲ್ಲಿ ಅಂಥದ್ದು ಏನೂ ಇರುವುದಿಲ್ಲ ಅಂತ ವಿಡಿಯೊ ತೋರಿಸಿ ಹೇಳಿ. ಫೋನಿನಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ.

ಹೆಜ್ಜೆ 3: ಅಂಕಗಳನ್ನು ಸರಿಯಾಗಿ ಓದಿ

ಪ್ರತಿ ಉಪಕರಣಕ್ಕೆ 10, ನಾಲ್ಕಕ್ಕೂ ಸೇರಿ 40. ತಪ್ಪಿಗೆ ಕಳೆಯುತ್ತಾ ಹೋಗುತ್ತಾರೆ. ಒಮ್ಮೆ ಬಿದ್ದರೆ 0.5 ಹೋಯಿತು. ಮೇಲಿನ ಲೆವೆಲ್‌ಗೆ ಹೋಗಲು ಸಂಸ್ಥೆ ಕೆಲವು ಕಡೆ ಕನಿಷ್ಠ ಮೊತ್ತ ಇಟ್ಟಿದೆ. ಆದರೆ ಹೆಚ್ಚಿನ ಜಿಮ್‌ಗಳ ಸ್ವಂತ ಪಟ್ಟು ಅದಕ್ಕಿಂತ ಮೇಲಿರುತ್ತದೆ. 36 ಬಂದರೆ ನೋಡೋಣ, ಮುಂದಿನ ಲೆವೆಲ್‌ನ ವರಸೆಗಳು ಕೈಗೆ ಬಂದಿರಲಿ ಅನ್ನುತ್ತಾರೆ. ಆ ಪಟ್ಟು ಏನು ಅನ್ನುವುದನ್ನು ಬರಹದಲ್ಲಿ ಕೇಳಿ ಪಡೆಯಿರಿ. "ಕೋಚ್‌ಗೆ ಬಿಟ್ಟಿದ್ದು" ಅನ್ನುವ ಉತ್ತರ ಮಾತ್ರ ಸಿಕ್ಕರೆ ಮುಂದೆ ಮನಸ್ತಾಪ ಖಂಡಿತ.

ಲೆವೆಲ್ ಸರಿಯಾಗಿದೆಯಾ ಅಂತ ತಿಳಿಯಲು ನಾನು ಅಂಕಪಟ್ಟಿಗಿಂತ ಮೂರು ಸಂಗತಿ ನೋಡುತ್ತೇನೆ. ರೊಟೀನ್‌ನ ಎಲ್ಲ ವರಸೆಗಳನ್ನೂ ಕೋಚ್ ಕೈ ಹಿಡಿಯದೆ, ಹತ್ತರಲ್ಲಿ ಎಂಟು ಸಲ, ಸುಸ್ತಾಗಿದ್ದಾಗಲೂ ಮಾಡುತ್ತಾಳಾ? ಮೀಟ್‌ನ ಹಿಂದಿನ ರಾತ್ರಿ ನಿದ್ದೆ ಮಾಡುತ್ತಾಳಾ? ಮನೆಯಲ್ಲಿ ಸೋಫಾದ ಪಕ್ಕ ಸುಮ್ನೆ ಲಾಗ ಹಾಕುವುದು ಇನ್ನೂ ಉಳಿದಿದೆಯಾ? ಮೂರನೆಯದು ನಿಂತುಹೋದ ದಿನ ನಾನು ಎಚ್ಚರಗೊಳ್ಳಬೇಕಿತ್ತು. ಎರಡನೇ ಜಿಮ್‌ನಲ್ಲಿ ಅವಳನ್ನು ಕಿಪ್ ಗಟ್ಟಿಯಾಗುವ ಮೊದಲೇ ಲೆವೆಲ್ 5ಕ್ಕೆ ಹತ್ತಿಸಿದರು. ನನಗೆ ಹೆಮ್ಮೆ. ಅವಳು ಮನೆಯಲ್ಲಿ ಲಾಗ ಹಾಕುವುದನ್ನೇ ಬಿಟ್ಟಳು. ನಾಲ್ಕು ತಿಂಗಳಾದ ಮೇಲೆ ಮಣಿಕಟ್ಟಿನ ನೋವು ಅಂತ ವೈದ್ಯರ ಹತ್ತಿರ ಹೋದೆವು.

ಇದಕ್ಕೆ ವಿರುದ್ಧವಾದದ್ದೂ ಉಂಟು. ಮೇಲೆ ಹೋಗಲು ತಯಾರಿರುವ ಮಗುವನ್ನು ಪದಕಕ್ಕೋಸ್ಕರ ಕೆಳಗೇ ಕೂರಿಸುವ ಜಿಮ್‌ಗಳು. ಗೋಡೆ ತುಂಬ ಟೀಮ್ ಟ್ರೋಫಿ, ಮಕ್ಕಳಿಗೆ ಬೇಸರ. 38 ಬರುತ್ತಿರುವ ಹುಡುಗಿಗೆ ವರ್ಷವಿಡೀ ಹೊಸದೇನೂ ಕಲಿಸದೆ ಅದೇ ರೊಟೀನ್ ತೀಡಿಸುತ್ತಿದ್ದರೆ ಕಾರಣ ಕೇಳಿ. ಅದೇ ಲೆವೆಲ್‌ನಲ್ಲಿ ಇನ್ನೊಂದು ವರ್ಷ ಇರಲಿ ಅನ್ನುವ ಒಳ್ಳೆ ಕೋಚ್, "ಈ ವರ್ಷ ಅಭ್ಯಾಸದಲ್ಲಿ ಇವಿಷ್ಟು ಮೇಲಿನ ವರಸೆ ಕಲಿಯುತ್ತಾಳೆ" ಅಂತ ಪಟ್ಟಿ ಕೊಡುತ್ತಾರೆ.

ಒಂದು ಮೆಟ್ಟಿಲು ಇಳಿಯುವುದರ ಬಗ್ಗೆ ಭಯ ಇದ್ದರೆ ಕೇಟ್ಲಿನ್ ಒಹಾಶಿಯನ್ನು ನೆನಪಿಸಿಕೊಳ್ಳಿ. 2013ರ ಅಮೆರಿಕನ್ ಕಪ್‌ನಲ್ಲಿ, ಮುಂದೆ ಒಲಿಂಪಿಕ್ ಚಾಂಪಿಯನ್ ಆದ ಸಿಮೋನ್ ಬೈಲ್ಸ್‌ರನ್ನು ಎರಡನೇ ಸ್ಥಾನಕ್ಕೆ ಇಳಿಸಿ ಗೆದ್ದ ಹುಡುಗಿ ಅವಳು. ಆಮೇಲೆ ಬೆನ್ನು, ಭುಜದ ಗಾಯ. ಲೆವೆಲ್ 10ಕ್ಕೂ ಮೇಲಿನ ಎಲೀಟ್ ಹಂತ ಬಿಟ್ಟು ಲೆವೆಲ್ 10ಕ್ಕೆ ಇಳಿದಳು, ಯುಸಿಎಲ್‌ಎ ಕಾಲೇಜು ಸೇರಿದಳು. 2019ರ ಜನವರಿಯಲ್ಲಿ ಅವಳ ಫ್ಲೋರ್ ರೊಟೀನ್‌ಗೆ 10ಕ್ಕೆ 10 ಬಂತು. ಆ ವಿಡಿಯೊವನ್ನು ಕೋಟಿಗಟ್ಟಲೆ ಜನ ನೋಡಿದರು. ಅದರಲ್ಲಿ ನನಗೆ ಕಾಣುವುದು ಅವಳ ಮುಖದ ನಗು.

ಹೆಜ್ಜೆ 4: ಎರಡು ತಾಸು ಕೂತು ಅಭ್ಯಾಸ ನೋಡಿ

ಇದೇ ಎಲ್ಲಕ್ಕಿಂತ ಮುಖ್ಯ. ಜಿಮ್ ತೋರಿಸುತ್ತೇವೆ ಬನ್ನಿ ಅಂತ ಹತ್ತು ನಿಮಿಷ ಸುತ್ತಾಡಿಸುತ್ತಾರಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ವಾರದ ಮಧ್ಯದ ಒಂದು ಸಂಜೆ, ನಿಮ್ಮ ಮಗಳು ಸೇರಬೇಕಾದ ಗುಂಪಿನ ಅಭ್ಯಾಸವನ್ನು ಶುರುವಿನಿಂದ ಕೊನೆಯವರೆಗೆ ನೋಡಬೇಕು ಅಂತ ಕೇಳಿ. ಪೋಷಕರು ನೋಡುವಂತಿಲ್ಲ ಅನ್ನುವ ಜಿಮ್ ನನ್ನ ಪಟ್ಟಿಯಿಂದ ಅಲ್ಲೇ ಹೊರಗೆ.

ನೋಡುವಾಗ ಫೋನ್ ಒಳಗಿಡಿ. ಚೆನ್ನಾಗಿ ಆಡುವ ಮಕ್ಕಳ ಕಡೆ ನೋಡಬೇಡಿ, ಅವರು ಎಲ್ಲ ಜಿಮ್‌ನಲ್ಲೂ ಚೆನ್ನಾಗಿಯೇ ಕಾಣುತ್ತಾರೆ. ಹೆದರಿ ನಿಂತ ಮಗುವನ್ನು ಹುಡುಕಿ. ಬೀಮ್ ಮೇಲೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಜಿಗಿದು ಕೈ ಊರಿ ಹಾಕುವ ಲಾಗ) ಹಾಕಲು ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ ನಿಲ್ಲುವ ಹುಡುಗಿ ಯಾವ ಜಿಮ್‌ನಲ್ಲೂ ಇರುತ್ತಾಳೆ. ಅವಳಿಗೆ ಕೋಚ್ ಏನು ಮಾಡುತ್ತಾರೆ? ತಗ್ಗಿನ ಬೀಮ್‌ಗೆ ಕರೆದುಕೊಂಡು ಹೋಗಿ, ಮ್ಯಾಟ್ ಜೋಡಿಸಿ, ಬೆನ್ನಿಗೆ ಕೈ ಕೊಟ್ಟರೆ ಒಳ್ಳೆಯದು. "ಹಾಕುವ ತನಕ ಇಳಿಯಬೇಡ" ಅಂತ ಅಲ್ಲೇ ನಿಲ್ಲಿಸಿದರೆ, ಬೇರೆ ಮಕ್ಕಳ ಎದುರು ಗದರಿದರೆ, ಎದ್ದು ಬನ್ನಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೈಲ್ಸ್‌ಗೇ ಗಾಳಿಯಲ್ಲಿ ದಿಕ್ಕು ತಪ್ಪಿತು, ಅವರು ಆಟದಿಂದ ಹಿಂದೆ ಸರಿದರು. ದೊಡ್ಡವರಿಗೆ ಇರುವ ಆ ಹಕ್ಕು 9 ವರ್ಷದವಳಿಗೂ ಇರಬೇಕು, ಅಲ್ವಾ?

ಆಮೇಲೆ ಸಾಲನ್ನು ನೋಡಿ. ಒಂದು ಮಗು ಅರ್ಧ ತಾಸಿನಲ್ಲಿ ಬಾರ್ ಮೇಲೆ ಎಷ್ಟು ಸಲ ಹೋಯಿತು ಅಂತ ಎಣಿಸಿ. ನಾನು ಒಂದು ಕಡೆ ಎಣಿಸಿದಾಗ ನಾಲ್ಕೇ ಸಲ, ಉಳಿದ ಹೊತ್ತು ಚಾಕ್ ಡಬ್ಬದ ಹತ್ತಿರ ನಿಂತಿದ್ದರು. ಒಳ್ಳೆ ಕೋಚ್ ಕಾಯುವ ಮಕ್ಕಳಿಗೂ ಪಕ್ಕದಲ್ಲಿ ಒಂದು ಸಣ್ಣ ಕೆಲಸ ಇಟ್ಟಿರುತ್ತಾರೆ. ಶಿಕ್ಷೆಗಾಗಿ ಪುಷ್‌ಅಪ್ ಹೊಡೆಸುತ್ತಾರಾ ಅನ್ನುವುದನ್ನೂ ಗಮನಿಸಿ.

ಕಟ್ಟಡದ ಹೊಳಪಿಗೆ ಮರುಳಾಗಬೇಡಿ. ನಮ್ಮ ಈಗಿನ ಜಿಮ್ ಹಳೇ ಗೋದಾಮು, ಬೇಸಿಗೆಯಲ್ಲಿ ಸೆಕೆ. ಆದರೆ ಫೋಮ್ ಪಿಟ್ (ಬಿದ್ದರೆ ಪೆಟ್ಟಾಗದಂತೆ ಸ್ಪಂಜು ತುಂಬಿದ ಗುಂಡಿ) ಇದೆ, ಮ್ಯಾಟ್‌ಗಳು ದಪ್ಪ ಇವೆ, ಬಾರ್‌ನ ತಂತಿಗಳನ್ನು ಪರೀಕ್ಷಿಸುವುದನ್ನು ನಾನೇ ಕಂಡಿದ್ದೇನೆ.

ಕೊನೆಗೆ ದೊಡ್ಡ ಹುಡುಗಿಯರನ್ನು ಎಣಿಸಿ. ಲೆವೆಲ್ 3ರಲ್ಲಿ 40 ಮಕ್ಕಳಿದ್ದು, ಲೆವೆಲ್ 8ರಲ್ಲಿ ಇಬ್ಬರೇ ಇದ್ದರೆ, ಮಿಕ್ಕವರು ಎಲ್ಲಿ ಹೋದರು? ಎಲ್ಲ ಕಡೆಯೂ ಮಕ್ಕಳು ಆಟ ಬಿಡುತ್ತಾರೆ, ಅದು ಸಹಜ. ಆದರೆ 13-14 ವರ್ಷದವರು ಗುಂಪಾಗಿ ಉಳಿದು, ಚಿಕ್ಕವರ ಜಡೆ ಕಟ್ಟಿಕೊಡುತ್ತಾ ನಗುತ್ತಿದ್ದರೆ ಆ ಜಿಮ್‌ನಲ್ಲಿ ಏನೋ ಸರಿಯಿದೆ. ಸಾಧ್ಯವಾದರೆ ಅಲ್ಲಿಂದ ಬಿಟ್ಟುಹೋದ ಮಗುವಿನ ತಾಯಿಯೊಬ್ಬರ ಹತ್ತಿರ ಮಾತಾಡಿ. ನಮ್ಮ ಕನ್ನಡ ಕೂಟಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಯಾರಾದರೂ ಸಿಕ್ಕೇ ಸಿಗುತ್ತಾರೆ.

ಹೆಜ್ಜೆ 5: ಕೋಚ್ ಹೆಸರು ಹುಡುಕಿ, ಇದರಲ್ಲಿ ಸಂಕೋಚ ಬೇಡ

ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. 2018ರ ಜನವರಿಯಲ್ಲಿ ಮಿಷಿಗನ್ ಕೋರ್ಟ್ ಅವನಿಗೆ 40ರಿಂದ 175 ವರ್ಷ ಶಿಕ್ಷೆ ಕೊಟ್ಟಿತು. ಕೆಲವು ಸಲ ತಾಯಿ ಅದೇ ಕೋಣೆಯಲ್ಲಿ ಕೂತಿದ್ದಾಗಲೇ ಇದು ನಡೆದಿತ್ತು. ಮಕ್ಕಳು ವರ್ಷಗಳ ಹಿಂದೆಯೇ ಹೇಳಿದ್ದರು, ದೊಡ್ಡವರು ನಂಬಿರಲಿಲ್ಲ.

ಈಗ ನಮಗೆ ಕೆಲವು ಉಪಾಯಗಳಿವೆ, ಬಳಸಬೇಕು. 2017ರಲ್ಲಿ ಶುರುವಾದ ಯುಎಸ್ ಸೆಂಟರ್ ಫಾರ್ ಸೇಫ್‌ಸ್ಪೋರ್ಟ್‌ನ ಜಾಲತಾಣದಲ್ಲಿ ಶಿಸ್ತು ಕ್ರಮಕ್ಕೆ ಒಳಗಾದವರ ಪಟ್ಟಿ ಇದೆ. ಹೆಸರು ಹಾಕಿ ಹುಡುಕಬಹುದು. ಐದು ನಿಮಿಷದ ಕೆಲಸ. ಜಿಮ್ ಯುಎಸ್‌ಎ ಜಿಮ್ನಾಸ್ಟಿಕ್ಸ್‌ನ ಸದಸ್ಯ ಕ್ಲಬ್ ಹೌದಾ, ಕೋಚ್‌ಗಳ ಹಿನ್ನೆಲೆ ತಪಾಸಣೆ, ಸೇಫ್‌ಸ್ಪೋರ್ಟ್ ತರಬೇತಿ ಆಗಿದೆಯಾ ಅಂತ ಕೇಳಿ. ಕೋಚ್ ಮಗುವಿನ ಜೊತೆ ಯಾರ ಕಣ್ಣಿಗೂ ಕಾಣದಂತೆ ಒಬ್ಬರೇ ಇರಬಾರದು. ಮಗುವಿಗೆ ನೇರ ಮೆಸೇಜ್ ಕಳಿಸಬಾರದು, ಅದರಲ್ಲಿ ಪೋಷಕರೂ ಇರಬೇಕು. ಇದು ನಿಯಮ. ಕೇಳಿದರೆ ಬೇಜಾರಾಗುವ ಕೋಚ್ ನಮಗೆ ಬೇಡ.

ನಾವು ಮಕ್ಕಳಿಗೆ ಗುರುವಿಗೆ ಎದುರಾಡಬಾರದು ಅಂತ ಕಲಿಸಿ ಬೆಳೆಸುತ್ತೇವೆ. ಸಂಗೀತದ ಪಾಠಕ್ಕೆ ಹೋದರೆ ಕಾಲಿಗೆ ನಮಸ್ಕಾರ ಮಾಡಿಸುತ್ತೇವೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು: ನೋವಾದರೆ, ಮುಜುಗರವಾದರೆ, ಹೆದರಿಕೆಯಾದರೆ ಕೋಚ್‌ಗೂ ಬೇಡ ಅನ್ನಬಹುದು, ಮನೆಗೆ ಬಂದು ಹೇಳಿದರೆ ಅಮ್ಮ ಬಯ್ಯುವುದಿಲ್ಲ. ನಾನು ಇದನ್ನು ಕಾರಿನಲ್ಲಿ ಹೇಳುತ್ತೇನೆ, ಪ್ರತಿ ಸೀಸನ್ ಶುರುವಿನಲ್ಲಿ ಮತ್ತೆ ಹೇಳುತ್ತೇನೆ.

ನೋವಿನ ವಿಷಯ ಬಂತಲ್ಲ. ಬೆಳೆಯುವ ಮೂಳೆಯ ತುದಿ ಮೆತ್ತಗಿರುತ್ತದೆ. ಮಣಿಕಟ್ಟು, ಹಿಮ್ಮಡಿ, ಸೊಂಟದ ಹತ್ತಿರದ ಬೆನ್ನು, ಇವು ಮೂರು ಜಿಮ್ನಾಸ್ಟ್ ಮಕ್ಕಳಲ್ಲಿ ಹೆಚ್ಚು ಕೇಳುವ ಜಾಗ. ಎರಡು ವಾರ ಕಳೆದರೂ ಹೋಗದ ನೋವನ್ನು ಮಕ್ಕಳ ಕ್ರೀಡಾ ವೈದ್ಯರಿಗೆ ತೋರಿಸಿ. ವೈದ್ಯರು ಆರು ವಾರ ಕೈ ಊರಬಾರದು ಅಂದರೆ ಜಿಮ್ ಏನನ್ನುತ್ತದೆ ಅನ್ನುವುದು ಒಳ್ಳೆ ಪರೀಕ್ಷೆ. ನಮ್ಮ ಎರಡನೇ ಜಿಮ್ "ಟೇಪ್ ಸುತ್ತಿ ಕಳಿಸಿ" ಅಂದಿತು. ಅಲ್ಲಿಗೆ ಅದು ನಮಗೆ ಕೊನೆಯ ವಾರ. ಮಗುವಿನ ತೂಕದ ಬಗ್ಗೆ, ತಟ್ಟೆಯ ಬಗ್ಗೆ ಮಾತಾಡುವ ಕೋಚ್‌ಗೂ ಇದೇ ಉತ್ತರ. ಸಂಜೆ 5ರಿಂದ 8ರವರೆಗೆ ಕುಣಿಯುವ ಮಗುವಿಗೆ ಹೊಟ್ಟೆ ತುಂಬ ಬೇಕು. ಡಬ್ಬಿಯಲ್ಲಿ ಚಪಾತಿ ರೋಲ್, ಶೇಂಗಾ ಚಿಕ್ಕಿ, ಬಾಳೆಹಣ್ಣು ಹಾಕಿ ಕಳಿಸಿ.

ಹೆಜ್ಜೆ 6: ದುಡ್ಡಿನ ಪೂರ್ತಿ ಲೆಕ್ಕ ಒಂದೇ ಹಾಳೆಯಲ್ಲಿ ಕೇಳಿ

ತಿಂಗಳ ಫೀಸು ಮಾತ್ರ ನೋಡಿ ಮೋಸ ಹೋಗಬೇಡಿ. ಮೀಟ್ ಫೀಸು, ಸ್ಪರ್ಧೆಯ ಲಿಯೋಟಾರ್ಡ್ (ಮೈಗಂಟುವ ಉಡುಪು), ವಾರ್ಮಪ್ ಜಾಕೆಟ್, ಕೋಚ್‌ಗಳ ಪ್ರಯಾಣ, ಟೀಮ್‌ಗೆ ಹಣ ಕೂಡಿಸುವ ಪೋಷಕರ ಬೂಸ್ಟರ್ ಕ್ಲಬ್, ಹೋಟೆಲು, ಪ್ರತಿಯೊಂದೂ ಬೇರೆ. ಲೆವೆಲ್ 4ರಲ್ಲಿ ನಮಗೆ ತಿಂಗಳಿಗೆ 380 ಡಾಲರ್, ಮೀಟ್ ಒಂದಕ್ಕೆ 130ರ ಹಾಗೆ ಆರು ಮೀಟ್, ಲಿಯೋಟಾರ್ಡ್ ಮತ್ತು ಜಾಕೆಟ್ ಸೇರಿ 400 ಆಯಿತು. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು, ಗಾಯವಾದರೆ ಫೀಸು ನಿಲ್ಲುತ್ತದಾ, ಎರಡನ್ನೂ ಕೇಳಿ.

ಕಾಲೇಜ್ ಸ್ಕಾಲರ್‌ಶಿಪ್ ಸಿಗುತ್ತದೆ ಅಂತ ಹಣ ಸುರಿಯುವವರಿಗೆ ಒಂದು ಮಾತು. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎಯಲ್ಲಿ ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್ ಟೀಮ್ ಇರುವ ಕಾಲೇಜುಗಳು 80ರ ಆಸುಪಾಸು. 2025-26ರಿಂದ ಬಂದ ಹೊಸ ವ್ಯವಸ್ಥೆ ಒಪ್ಪಿದ ದೊಡ್ಡ ಕಾಲೇಜುಗಳಲ್ಲಿ ಟೀಮ್‌ಗೆ ಹೆಚ್ಚೆಂದರೆ 20 ಮಂದಿ. ನಾಲ್ಕು ವರ್ಷದವರೂ ಸೇರಿ 20 ಅಂದರೆ ವರ್ಷಕ್ಕೆ ಐದು ಜಾಗ. ಮಗು ಖುಷಿಯಿಂದ ಅಲ್ಲಿಗೆ ತಲುಪಿದರೆ ಸಂತೋಷ. ಆ ಲೆಕ್ಕದ ಮೇಲೆ 7 ವರ್ಷದವಳ ಲೆವೆಲ್ ತೀರ್ಮಾನಿಸಬೇಡಿ. ಆತುರವೂ ಬೇಡ. ಭಾರತದ ಮೂಲದ ತಂದೆಯ ಮಗಳು ಮೋಹಿನಿ ಭಾರದ್ವಾಜ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಜೊತೆ ಬೆಳ್ಳಿ ಗೆದ್ದಾಗ ಅವರಿಗೆ 25 ವರ್ಷ. ಕಾಲೇಜು ಮುಗಿಸಿ ಮತ್ತೆ ಆಟಕ್ಕೆ ಮರಳಿದವರು ಅವರು.

ಹೆಜ್ಜೆ 7: ಜಿಮ್ ಬದಲಿಸಬೇಕಾದರೆ

ಸೀಸನ್ ಮಧ್ಯದಲ್ಲಿ ಬಿಡುವುದು ಸುರಕ್ಷತೆಯ ಪ್ರಶ್ನೆ ಇದ್ದಾಗ ಮಾತ್ರ. ಆಗ ಒಂದು ದಿನವೂ ಕಾಯಬೇಡಿ. ಬೇರೆ ಕಾರಣಕ್ಕಾದರೆ ಸ್ಟೇಟ್ ಮೀಟ್ ಮುಗಿಯಲಿ. ಕೆಲವು ರಾಜ್ಯಗಳಲ್ಲಿ ಕಂಪಲ್ಸರಿ ಮಕ್ಕಳ ಸ್ಟೇಟ್ ಮೀಟ್ ಡಿಸೆಂಬರ್‌ಗೇ ಆಗಿಬಿಡುತ್ತದೆ, ಆಪ್ಷನಲ್‌ನವರದು ವಸಂತಕಾಲದಲ್ಲಿ. ಹೊಸ ಜಿಮ್‌ನಲ್ಲಿ ಒಂದು ವಾರವಾದರೂ ಟ್ರಯಲ್ ಕೇಳಿ. ಅವರು ಒಂದು ಲೆವೆಲ್ ಕೆಳಗೆ ಹಾಕುತ್ತೇವೆ ಅಂದರೆ ತಕ್ಷಣ ಬೇಡ ಅನ್ನಬೇಡಿ, ಯಾವ ವರಸೆ ಸಾಲದು ಅಂತ ತೋರಿಸಿ ಅನ್ನಿ. ಹಳೇ ಜಿಮ್‌ನ ಬಾಕಿ ತೀರಿಸಿ, ಕೋಚ್‌ಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು. ಮಗುವಿಗೆ ಗೆಳತಿಯರಿಗೆ ಬೈ ಹೇಳಲು ಒಂದು ಸಂಜೆ ಕೊಡಿ. ನಾನು ಮೊದಲ ಸಲ ಇದನ್ನು ಮಾಡಲಿಲ್ಲ, ಅವಳು ವಾರಗಟ್ಟಲೆ ಅತ್ತಳು.

ಮೂರನೇ ಜಿಮ್‌ನಲ್ಲಿ ಅವಳನ್ನು ಮತ್ತೆ ಲೆವೆಲ್ 4ಕ್ಕೆ ಹಾಕಿದರು. ಮಣಿಕಟ್ಟು ವಾಸಿಯಾಗುವ ತನಕ ಬಾರ್ ಇಲ್ಲ, ಬರೀ ಹೊಟ್ಟೆ-ಭುಜದ ಕಸರತ್ತು. ಅಕ್ಟೋಬರ್‌ನ ಒಂದು ಮಂಗಳವಾರ ನಾನು ಹೊರಗೆ ಕಾರಿನಲ್ಲಿ ಕೂತಿದ್ದೆ. ಬಾಗಿಲು ತಳ್ಳಿಕೊಂಡು ಬರಿಗಾಲಲ್ಲೇ ಓಡಿ ಬಂದಳು. ಅಂಗೈ ತುಂಬ ಚಾಕ್ ಪುಡಿ. "ಅಮ್ಮಾ, ಬಂತು! ಬಾ, ಇನ್ನೊಂದ್ಸಲ ಮಾಡ್ತೀನಿ, ನೋಡು!"